ಒಂದೇ ಮನೆಯ ಮೂರು ಮತ: ವೆಸ್ಟ್ ವರ್ಜೀನಿಯಾದ ಗಣಿ ಕುಟುಂಬವೊಂದರ ಪ್ರಕರಣ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣದ ಕಲ್ಲಿದ್ದಲು ಸೀಮೆಯಲ್ಲಿ ನಾನು ಕೆಲವು ವರ್ಷ ವಾಸವಾಗಿದ್ದೆ. ವೈದ್ಯರು ಸುಲಭವಾಗಿ ಸಿಗದ ಇಂಥ ಊರುಗಳಿಗೆ ವೀಸಾ ನಿಯಮದಲ್ಲಿ ವಿನಾಯಿತಿ ಪಡೆದು ಬರುವ ಭಾರತೀಯ ವೈದ್ಯರಲ್ಲಿ ನನ್ನ ಸಂಗಾತಿಯೂ ಒಬ್ಬರು. ನಾನು ಅವರ ಜೊತೆಗೆ ಹೋದವನು. ನನಗೆ ಅಲ್ಲಿ ಮತದಾನದ ಹಕ್ಕು ಇರಲಿಲ್ಲವಾದ್ದರಿಂದ ಯಾರ ಪರ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ತಮ್ಮ ಒಲವನ್ನು ನನ್ನ ಮುಂದೆ ಮುಚ್ಚಿಡುವ ಅಗತ್ಯವೂ ಅವರಿಗೆ ಕಾಣುತ್ತಿರಲಿಲ್ಲ. ಈ ಬರಹದ ವಿಷಯ ನಮ್ಮ ನೆರೆಯ ಒಂದು ಕುಟುಂಬ. ಗುರುತು ಸಿಗದಂತೆ ಹೆಸರು, ಊರು, ವಯಸ್ಸು ಮತ್ತು ಕೆಲವು ಕೌಟುಂಬಿಕ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಮಟ್ಟದ ಅಂಕಿಗಳು ಮಾತ್ರ ಆ ಸೀಮೆಯ ಮಿಂಗೋ ಕೌಂಟಿಯವು. ಅವು ಎಲ್ಲರಿಗೂ ಲಭ್ಯವಿರುವ ಚುನಾವಣಾ ದಾಖಲೆಗಳು.

ಹಿನ್ನೆಲೆ

ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ನಿರ್ಧರಿಸುತ್ತದೆ; ಅಮೆರಿಕದಲ್ಲಿ ಅದನ್ನು ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ನಿರ್ಧರಿಸುತ್ತಾರೆ. ವೆಸ್ಟ್ ವರ್ಜೀನಿಯಾದಲ್ಲಿ ಮತದಾರನಾಗಿ ನೋಂದಾಯಿಸಿಕೊಳ್ಳುವಾಗಲೇ ಯಾವ ಪಕ್ಷದವರೆಂದು ಬರೆಸಬಹುದು. ಡೆಮಾಕ್ರಟ್ ಎಂದು ಬರೆಸಿದವರಿಗೆ ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಮತಪತ್ರ ಮಾತ್ರ ಸಿಗುತ್ತದೆ. ಯಾವ ಪಕ್ಷವನ್ನೂ ಬರೆಸದವರು ಈ ಪ್ರಕರಣದ ಕಾಲದಲ್ಲಿ ಎರಡರಲ್ಲಿ ಒಂದನ್ನು ಕೇಳಿ ಪಡೆಯಬಹುದಿತ್ತು. ಈ ಸಣ್ಣ ನಿಯಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಪ್ರಕರಣದ ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ಮನೆಯಲ್ಲಿ ಮತದಾರರು ಮೂವರು. ಹಿರಿಯರು ಮೂವತ್ತಕ್ಕೂ ಹೆಚ್ಚು ವರ್ಷ ನೆಲದಡಿಯ ಗಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ತಂದೆಯಂತೆ ಅವರೂ ಗಣಿ ಕಾರ್ಮಿಕರ ಸಂಘವಾದ ಯುನೈಟೆಡ್ ಮೈನ್ ವರ್ಕರ್ಸ್‌ನ ಸದಸ್ಯರು. ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ಕೂತಿದ್ದರಿಂದ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡೇ ಇರುತ್ತಿದ್ದರು. ಆ ಕೊಳವೆ ಮಲಗುವ ಕೋಣೆಯ ಯಂತ್ರದಿಂದ ಅಡುಗೆಮನೆಯ ಮೇಜಿನವರೆಗೆ ಬರುತ್ತಿತ್ತು, ಮುಂದಿನ ಜಗಲಿಯನ್ನು ಮುಟ್ಟುತ್ತಿರಲಿಲ್ಲ. ಹೀಗಾಗಿ ಮನೆಯ ಎಲ್ಲ ಮಾತುಕತೆಯೂ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಗೋಡೆಯ ಮೇಲೆ ರೂಸ್‌ವೆಲ್ಟ್ ಮತ್ತು ಕೆನಡಿ ಇಬ್ಬರ ಚಿತ್ರಗಳಿದ್ದವು. ಮಗ ಸಂಘವಿಲ್ಲದ ಮೇಲ್ಮೈ ಗಣಿಯಲ್ಲಿ, ಅಂದರೆ ಬೆಟ್ಟದ ನೆತ್ತಿಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುವ ಕಡೆ, ಭಾರೀ ಯಂತ್ರ ನಡೆಸುತ್ತಿದ್ದರು. 2015ರಲ್ಲಿ ಕೆಲಸ ಕಳೆದುಕೊಂಡರು. ಸೊಸೆ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಆ ವರ್ಷದಿಂದ ಮನೆಗೆ ಬರುತ್ತಿದ್ದ ಹಣವೆಂದರೆ ಮಾವನ ಪಿಂಚಣಿ ಮತ್ತು ಸೊಸೆಯ ಸಂಬಳ, ಇಷ್ಟೇ.

ಈ ಸೀಮೆ ಡೆಮಾಕ್ರಟಿಕ್ ಪಕ್ಷಕ್ಕೆ ಅಂಟಿಕೊಂಡದ್ದಕ್ಕೆ ಆಳವಾದ ಕಾರಣಗಳಿದ್ದವು. 1920ರಲ್ಲಿ ಮಿಂಗೋ ಕೌಂಟಿಯ ಮೇಟ್‌ವಾನ್ ಎಂಬ ಪುಟ್ಟ ಊರಿನ ಬೀದಿಯಲ್ಲಿ ಕಂಪನಿಯ ಬಾಡಿಗೆ ಪತ್ತೇದಾರರಿಗೂ ಊರವರಿಗೂ ಗುಂಡಿನ ಕಾಳಗ ನಡೆದು ಹೆಣಗಳು ಬಿದ್ದವು. ಮರುವರ್ಷ ಬ್ಲೇರ್ ಬೆಟ್ಟದಲ್ಲಿ ಸಾವಿರಾರು ಕಾರ್ಮಿಕರು ಬಂದೂಕು ಹಿಡಿದು ನಿಂತರು. ಸಂಘ ಕಟ್ಟುವ ಹಕ್ಕು ಕಾನೂನಾಗಿ ಸಿಕ್ಕಿದ್ದು ರೂಸ್‌ವೆಲ್ಟ್ ಕಾಲದಲ್ಲಿ. ಕೆನಡಿಯವರು 1960ರಲ್ಲಿ ಇದೇ ರಾಜ್ಯದ ಪ್ರೈಮರಿ ಗೆದ್ದು, ಪ್ರಾಟೆಸ್ಟಂಟರೇ ತುಂಬಿರುವ ಕಡೆಯೂ ಕ್ಯಾಥೊಲಿಕ್ ಅಭ್ಯರ್ಥಿ ಗೆಲ್ಲಬಹುದೆಂದು ತೋರಿಸಿದರು; ಮರುವರ್ಷ ಅವರ ಸರ್ಕಾರದ ಪ್ರಾಯೋಗಿಕ ಆಹಾರ ಚೀಟಿಗಳು ಮೊದಲು ತಲುಪಿದ್ದು ಇಲ್ಲಿನ ಮ್ಯಾಕ್‌ಡೊವೆಲ್ ಕೌಂಟಿಗೆ. ಹಿರಿಯರ ಪಾಲಿಗೆ ಇವೆಲ್ಲ ಮನೆಯ ಕಥೆಗಳು.

ಸಮಸ್ಯೆ

2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಾಜ್ಯ ರಿಪಬ್ಲಿಕನ್ ಪಕ್ಷದ ಪಾಲಾದರೂ ಮಿಂಗೋ ಕೌಂಟಿಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರ್ರಿ ಸುಮಾರು ಶೇ. 56 ಮತ ಪಡೆದರು. 2016ರ ನವೆಂಬರ್‌ನಲ್ಲಿ ಅದೇ ಕೌಂಟಿ ಡೊನಾಲ್ಡ್ ಟ್ರಂಪ್ ಅವರಿಗೆ ಶೇ. 80ಕ್ಕೂ ಹೆಚ್ಚು ಮತ ಕೊಟ್ಟಿತು. ಹನ್ನೆರಡು ವರ್ಷಗಳ ಈ ಹೊರಳು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ್ದು ನಡುವಿನ ಮೂರು ಡೆಮಾಕ್ರಟಿಕ್ ಪ್ರೈಮರಿಗಳು.

2008ರ ಮೇ ತಿಂಗಳಲ್ಲಿ ಹಿಲರಿ ಕ್ಲಿಂಟನ್ ರಾಜ್ಯದ ಎಲ್ಲ 55 ಕೌಂಟಿಗಳನ್ನೂ ಗೆದ್ದರು. ಮಿಂಗೋದಲ್ಲಿ ಅವರಿಗೆ ಬಂದದ್ದು ಶೇ. 88, ಬರಾಕ್ ಒಬಾಮ ಅವರಿಗೆ ಶೇ. 8. 2012ರಲ್ಲಿ ಹಾಲಿ ಅಧ್ಯಕ್ಷ ಒಬಾಮ ಅವರ ಎದುರು ಮತಪತ್ರದಲ್ಲಿ ಇದ್ದ ಏಕೈಕ ಹೆಸರು ಕೀತ್ ಜಡ್, ಟೆಕ್ಸಾಸಿನ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕೈದಿ. ಆತ 2,500 ಡಾಲರ್ ಶುಲ್ಕ ಕಟ್ಟಿ ಹೆಸರು ಸೇರಿಸಿಕೊಂಡಿದ್ದ. ರಾಜ್ಯದಾದ್ಯಂತ ಅವನಿಗೆ ಶೇ. 41ರಷ್ಟು ಮತ ಬಿತ್ತು. ಮಿಂಗೋ ಸೇರಿದಂತೆ ಹಲವು ಕೌಂಟಿಗಳಲ್ಲಿ ಅಧ್ಯಕ್ಷರನ್ನೇ ಸೋಲಿಸಿದ. 2016ರಲ್ಲಿ ಕ್ಲಿಂಟನ್ ಮತ್ತೆ ಬಂದಾಗ ಎಲ್ಲ 55 ಕೌಂಟಿಗಳನ್ನೂ ಗೆದ್ದವರು ತಮ್ಮನ್ನು ಸಮಾಜವಾದಿ ಎಂದೇ ಕರೆದುಕೊಳ್ಳುವ ಬರ್ನಿ ಸ್ಯಾಂಡರ್ಸ್. ಮಿಂಗೋದಲ್ಲಂತೂ ಹಂಟಿಂಗ್‌ಟನ್ ನಗರದ, ಹೊರಗಿನವರಿಗೆ ಗೊತ್ತೇ ಇಲ್ಲದ ಒಬ್ಬ ವಕೀಲರು ಎರಡನೆಯ ಸ್ಥಾನ ಪಡೆದು, ಎಂಟು ವರ್ಷದ ಹಿಂದೆ ಶೇ. 88 ಪಡೆದಿದ್ದ ಕ್ಲಿಂಟನ್ ಅವರನ್ನು ಮೂರನೆಯ ಸ್ಥಾನಕ್ಕೆ ತಳ್ಳಿದರು.

ಎಡ-ಬಲ ಎಂಬ ಅಳತೆಗೋಲಿನಿಂದ ಅಳೆದರೆ ಇದಕ್ಕೆ ತಲೆಬುಡ ಸಿಗುವುದಿಲ್ಲ. ಸಮಾಜವಾದಿಗೆ ಮೇ ತಿಂಗಳಲ್ಲಿ ಒಲಿದವರು ನವೆಂಬರ್‌ನಲ್ಲಿ ಟ್ರಂಪ್‌ಗೆ ಒಲಿದದ್ದು ಹೇಗೆ? 2016ರ ಪ್ರೈಮರಿಯ ದಿನ ಮತಗಟ್ಟೆಯಿಂದ ಹೊರಬಂದವರ ಸಮೀಕ್ಷೆಯಲ್ಲೇ ಡೆಮಾಕ್ರಟಿಕ್ ಮತದಾರರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ನವೆಂಬರ್‌ನಲ್ಲಿ ಟ್ರಂಪ್‌ಗೇ ಮತ ಹಾಕುವುದಾಗಿ ಹೇಳಿದ್ದರು. ನಾನು ಅದನ್ನು ಓದಿಯೂ ನಂಬಲಿಲ್ಲ. ಈ ಜನ ಕಾರ್ಮಿಕ ರಾಜಕಾರಣಕ್ಕೆ ಮರಳುತ್ತಿದ್ದಾರೆ ಎಂದು ಊರಿನ ಗೆಳೆಯರಿಗೆ ಉದ್ದನೆಯ ಪತ್ರ ಬರೆದಿದ್ದೆ. ಆ ಪತ್ರ ಈಗಲೂ ನನ್ನ ಬಳಿ ಇದೆ. ತೆಗೆದು ಓದಲು ಮುಜುಗರವಾಗುತ್ತದೆ.

ಮನೆಯೊಳಗೆ ನಡೆದದ್ದು

2008ರಲ್ಲಿ ಹಿರಿಯರು ಕ್ಲಿಂಟನ್‌ಗೆ ಮತ ಹಾಕಿದರು. ಕ್ಲಿಂಟನ್ ದಂಪತಿಯ ಕಾಲದಲ್ಲಿ ಗಣಿ ನಡೆಯುತ್ತಿತ್ತು, ಸಂಬಳ ಬರುತ್ತಿತ್ತು ಎಂಬುದು ಅವರು ಕೊಟ್ಟ ಕಾರಣ. ಒಬಾಮ ಅವರ ಬಣ್ಣ ಮತ್ತು ಹೆಸರಿನ ಕುರಿತ ಮಾತುಗಳನ್ನೂ ಆ ಮೇಜಿನ ಸುತ್ತ ನಾನು ಕೇಳಿದ್ದೇನೆ. ಅದನ್ನು ಮರೆಮಾಚಿ ಈ ಪ್ರಕರಣವನ್ನು ಬರೆದರೆ ಅಪ್ರಾಮಾಣಿಕವಾಗುತ್ತದೆ. ಆ ವರ್ಷದ ಮತಗಟ್ಟೆ ಸಮೀಕ್ಷೆಯಲ್ಲೂ ಸುಮಾರು ಐವರು ಬಿಳಿಯ ಮತದಾರರಲ್ಲಿ ಒಬ್ಬರು ಜನಾಂಗ ತಮ್ಮ ನಿರ್ಧಾರದಲ್ಲಿ ಪಾತ್ರ ವಹಿಸಿತೆಂದು ಬಾಯಿಬಿಟ್ಟೇ ಹೇಳಿದ್ದರು. ಆದರೆ ನವೆಂಬರ್‌ನಲ್ಲಿ ಇದೇ ಹಿರಿಯರು ಒಬಾಮ ಅವರಿಗೇ ಮತ ಹಾಕಿದರು. ಸಂಘ ಒಬಾಮ ಅವರನ್ನು ಬೆಂಬಲಿಸಿತ್ತು, ಸಂಘದ ಪತ್ರ ಮನೆಗೆ ಬಂದಿತ್ತು, ಸಂಘದ ಸಭಾಂಗಣದಲ್ಲಿ ಹಳೆಯ ಜೊತೆಗಾರರು ಎದುರು ಕೂತು ವಾದಿಸಿದ್ದರು. ಪೂರ್ವಗ್ರಹ ಮಾಯವಾಗಿರಲಿಲ್ಲ, ಅದಕ್ಕಿಂತ ಭಾರವಾದ ಇನ್ನೊಂದು ಕಟ್ಟು ಅವರನ್ನು ಹಿಡಿದಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದು. ಸಂಘವಿಲ್ಲದ ಗಣಿಯಲ್ಲಿದ್ದ ಮಗನಿಗೆ ಅಂಥ ಪತ್ರವೂ ಬರಲಿಲ್ಲ, ಎದುರು ಕೂತು ವಾದಿಸುವವರೂ ಇರಲಿಲ್ಲ; ಅವರು ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್‌ಗೆ ಮತ ಹಾಕಿದರು.

2012ರಲ್ಲಿ ಸಂಘ ಯಾರನ್ನೂ ಬೆಂಬಲಿಸದೆ ಸುಮ್ಮನಾಯಿತು. ಅಷ್ಟರಲ್ಲಿ ಗಣಿಗಳಿಗೆ ಕೊಡಬೇಕಾದ ಪರವಾನಗಿ ಮತ್ತು ವಿದ್ಯುತ್ ಸ್ಥಾವರಗಳ ಹೊಗೆಯ ಬಗ್ಗೆ ಕೇಂದ್ರದ ಪರಿಸರ ಸಂಸ್ಥೆಯ ನಿಯಮಗಳು ಬಿಗಿಯಾಗಿದ್ದವು. ಅಗ್ಗದ ನೈಸರ್ಗಿಕ ಅನಿಲ ಮಾರುಕಟ್ಟೆಗೆ ನುಗ್ಗಿ ಕಲ್ಲಿದ್ದಲಿಗೆ ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿತ್ತು, ಈ ಬೆಟ್ಟಗಳ ತೆಳುವಾದ ಪದರಗಳು ದುಬಾರಿಯಾಗುತ್ತಲೇ ಹೋಗಿದ್ದವು. ಆದರೆ ಅನಿಲದ ದರಕ್ಕೆ ಮುಖವಿಲ್ಲ, ಅಧ್ಯಕ್ಷರಿಗೆ ಇದೆ. ರಸ್ತೆ ಬದಿಯ ಫಲಕಗಳೆಲ್ಲ ಆ ಮುಖವನ್ನೇ ತೋರಿಸುತ್ತಿದ್ದವು. ತಂದೆ-ಮಗ ಇಬ್ಬರೂ ಜಡ್ ಎಂಬ ಹೆಸರಿನ ಎದುರು ಗುರುತು ಹಾಕಿ ಬಂದರು. ಅವನು ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮರುದಿನ ಟಿ.ವಿ.ಯಲ್ಲಿ ಕೈದಿಯ ಚಿತ್ರ ಬಂದಾಗ ಹಿರಿಯರು ಮುಖ ತಿರುಗಿಸಿ ಕೂತರು. ಮಗ ಮಾತ್ರ ಗಟ್ಟಿಯಾಗಿ ನಕ್ಕು, ಇನ್ನೊಮ್ಮೆ ಅವಕಾಶ ಸಿಕ್ಕರೂ ಅವನಿಗೇ ಹಾಕುತ್ತೇನೆ ಎಂದರು. ಈ ರಾಜ್ಯದ ಜನ ಅಜ್ಞಾನಿಗಳೆಂದು ದೇಶದ ಪತ್ರಿಕೆಗಳೆಲ್ಲ ಆ ವಾರ ಬರೆದವು. ಅಡುಗೆಮನೆಯಲ್ಲಿ ಕೂತು ನೋಡಿದವರಿಗೆ ಅದು ಅಜ್ಞಾನದ ಮತವಾಗಿ ಕಾಣುತ್ತಿರಲಿಲ್ಲ. ಮತಪತ್ರದಲ್ಲಿ ‘ಬೇಡ’ ಎಂಬ ಖಾನೆ ಇಲ್ಲದ ಕಡೆ ಜನ ಅದನ್ನು ಇನ್ನೊಬ್ಬರ ಹೆಸರಿನಲ್ಲಿ ಬರೆದಿದ್ದರು.

ಹಾಗಾದರೆ ಇವರು ರಿಪಬ್ಲಿಕನ್ ಎಂದು ಯಾಕೆ ಬರೆಸಿಕೊಳ್ಳಲಿಲ್ಲ? ಉತ್ತರ ಬಹಳ ಸರಳ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಕೌಂಟಿ ಆಯುಕ್ತ, ಗುಮಾಸ್ತ ಮುಂತಾದ ಸ್ಥಳೀಯ ಹುದ್ದೆಗಳು ತಲೆಮಾರುಗಳಿಂದ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ತೀರ್ಮಾನವಾಗುತ್ತಿದ್ದವು. ನವೆಂಬರ್‌ನದು ಬರೀ ಶಾಸ್ತ್ರ. ರಸ್ತೆಗೆ ಜಲ್ಲಿ ಹಾಕಿಸುವವರು ಯಾರು, ನೆಂಟರ ಹುಡುಗನಿಗೆ ಕೆಲಸ ಕೊಡಿಸುವವರು ಯಾರು ಎಂಬ ಪ್ರಶ್ನೆಯಲ್ಲಿ ಪಾಲು ಬೇಕೆಂದರೆ ಡೆಮಾಕ್ರಟ್ ಆಗಿಯೇ ಇರಬೇಕಿತ್ತು. ಊರು ಬಿಟ್ಟು ವರ್ಷಗಳಾದರೂ ಪಡಿತರ ಚೀಟಿಯಲ್ಲಿ ಹಳೆಯ ವಿಳಾಸವೇ ಉಳಿದಿರುವ ಹಾಗೆ, ಇವರ ನೋಂದಣಿಯಲ್ಲಿ ಹಳೆಯ ಪಕ್ಷ ಉಳಿದಿತ್ತು.

ಪಕ್ಷದ ಕಡೆಯ ಪ್ರಯತ್ನಗಳು

ಕೌಂಟಿಯ ಡೆಮಾಕ್ರಟಿಕ್ ಸಮಿತಿಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಮಗನಿಗೆ ಐದನೆಯ ತರಗತಿಯಲ್ಲಿ ಪಾಠ ಹೇಳಿದ್ದವರು ಅವರೇ. 2015ರ ಚಳಿಗಾಲದಲ್ಲಿ ಅವರು ಒಂದು ಕರಪತ್ರ ಹಿಡಿದು ಮನೆಗೆ ಬಂದರು. ಕಲ್ಲಿದ್ದಲು ಸೀಮೆಗಳಿಗಾಗಿ ಕ್ಲಿಂಟನ್ ಅವರು ಆ ನವೆಂಬರ್‌ನಲ್ಲಿ ಪ್ರಕಟಿಸಿದ್ದ 3,000 ಕೋಟಿ ಡಾಲರ್ ಯೋಜನೆಯ ವಿವರ ಅದರಲ್ಲಿತ್ತು: ನಿವೃತ್ತರ ಆರೋಗ್ಯ ಮತ್ತು ಪಿಂಚಣಿ ಸೌಲಭ್ಯದ ರಕ್ಷಣೆ, ಮರುತರಬೇತಿ, ಮೂಲಸೌಕರ್ಯ. ಅಂಶ ಅಂಶವಾಗಿ ನೋಡಿದರೆ ಆ ಮನೆಗೆ ಅಷ್ಟು ಹತ್ತಿರವಾದ ಯೋಜನೆಯನ್ನು ಬೇರೆ ಯಾವ ಅಭ್ಯರ್ಥಿಯೂ ಬರೆದಿರಲಿಲ್ಲ. ಮಗ ‘ಮರುತರಬೇತಿ’ ಎಂಬ ಪದದ ಮೇಲೆ ಬೆರಳಿಟ್ಟು, ಯಾವ ಕೆಲಸಕ್ಕೆ, ಎಲ್ಲಿ ಎಂದು ಕೇಳಿದರು. ಶಿಕ್ಷಕಿಯ ಬಳಿ ಉತ್ತರವಿರಲಿಲ್ಲ, ಇಲ್ಲವೆಂದು ಅವರು ಒಪ್ಪಿಕೊಂಡರು.

ತಿರುವು ಬಂದದ್ದು 2016ರ ಮಾರ್ಚ್ 13ರಂದು. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನಡೆದ ಟಿ.ವಿ. ಸಭೆಯಲ್ಲಿ ಕ್ಲಿಂಟನ್ ಶುದ್ಧ ಇಂಧನದ ಬಗ್ಗೆ ಹೇಳುತ್ತಾ, ನಾವು ಬಹಳಷ್ಟು ಗಣಿ ಕಾರ್ಮಿಕರನ್ನೂ ಕಂಪನಿಗಳನ್ನೂ ಈ ವ್ಯವಹಾರದಿಂದ ಹೊರಹಾಕಲಿದ್ದೇವೆ ಎಂಬ ಅರ್ಥದ ಮಾತಾಡಿದರು. ಹಿಂದೆ ಮುಂದೆ ಇದ್ದ ಮಾತು ಆ ಕಾರ್ಮಿಕರನ್ನು ಕೈಬಿಡಬಾರದು ಎಂಬುದೇ ಆಗಿತ್ತು. ಆದರೆ ಕತ್ತರಿಸಿದ ಒಂದು ವಾಕ್ಯ ದಿನಕ್ಕೆ ಹತ್ತು ಸಲ ಮನೆಗೆ ಬಂತು, ಉಳಿದ ವಾಕ್ಯಗಳು ಬರಲಿಲ್ಲ. ಒಂದು ವಾಕ್ಯ ಚುನಾವಣೆಯನ್ನು ಕೆಡಿಸಿತು ಎಂದು ಹೇಳುವವರಿದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. 2008ರಲ್ಲಾಗಿದ್ದರೆ ಸಂಘದ ಸಭಾಂಗಣದಲ್ಲಿ ಯಾರಾದರೂ ಎದ್ದುನಿಂತು ಪೂರ್ತಿ ಮಾತನ್ನು ಓದಿ ಹೇಳುತ್ತಿದ್ದರು. 2016ರ ಹೊತ್ತಿಗೆ ಆ ಸಭಾಂಗಣಕ್ಕೆ ಬೀಗ ಬಿದ್ದಿತ್ತು, ಆ ಸಲವೂ ಸಂಘ ಅಧ್ಯಕ್ಷ ಸ್ಥಾನಕ್ಕೆ ಯಾರನ್ನೂ ಬೆಂಬಲಿಸಲಿಲ್ಲ. 2011ರಲ್ಲಿ ರಾಜ್ಯದಲ್ಲಿ ಹೆಚ್ಚುಕಡಿಮೆ 23,000 ಇದ್ದ ಕಲ್ಲಿದ್ದಲು ಗಣಿ ಕೆಲಸಗಳು ಐದೇ ವರ್ಷದಲ್ಲಿ ಅರ್ಧಕ್ಕಿಳಿದಿದ್ದವು.

ಮೇ 2ರಂದು ಕ್ಲಿಂಟನ್ ಸ್ವತಃ ಮಿಂಗೋ ಕೌಂಟಿಯ ವಿಲಿಯಮ್‌ಸನ್‌ಗೆ ಬಂದರು. ಕೆಲಸ ಕಳೆದುಕೊಂಡ ಒಬ್ಬ ವ್ಯಕ್ತಿ ತನ್ನ ಮಕ್ಕಳ ಫೋಟೋ ಅವರ ಮುಂದಿಟ್ಟು, ನಮ್ಮ ಕೆಲಸ ತೆಗೆಯುತ್ತೇವೆಂದವರು ಈಗ ನಮ್ಮ ಸ್ನೇಹಿತರೆಂದು ಹೇಳಿಕೊಂಡು ಹೇಗೆ ಬರುತ್ತೀರಿ ಎಂದು ಕೇಳಿದ್ದು ದೇಶವಿಡೀ ಪ್ರಸಾರವಾಯಿತು. ಕ್ಲಿಂಟನ್ ಬರಬಾರದಿತ್ತು ಎಂದು ಆಗ ಹಲವರು ಹೇಳಿದರು. ಹಿರಿಯರ ಅಭಿಪ್ರಾಯ ಬೇರೆ: ಬಂದದ್ದೇ ದೊಡ್ಡದು, ಆದರೆ ತಡವಾಯಿತು. ಮೂರು ದಿನಗಳ ಬಳಿಕ ಸ್ಯಾಂಡರ್ಸ್ ಮ್ಯಾಕ್‌ಡೊವೆಲ್ ಕೌಂಟಿಯ ಕಿಂಬಾಲ್‌ನಲ್ಲಿ ಬಡವರಿಗೆ ದಿನಸಿ ಹಂಚುವ ಕೇಂದ್ರವೊಂದರಲ್ಲಿ ಸಭೆ ನಡೆಸಿದರು. ಅದೇ ದಿನ ರಾಜಧಾನಿ ಚಾರ್ಲ್ಸ್‌ಟನ್‌ನಲ್ಲಿ ಟ್ರಂಪ್ ಗಣಿ ಕಾರ್ಮಿಕರ ಹೆಲ್ಮೆಟ್ ತಲೆಗಿಟ್ಟುಕೊಂಡು, ತಮ್ಮ ಪಕ್ಷದ ಪ್ರೈಮರಿ ಹೆಚ್ಚುಕಡಿಮೆ ಮುಗಿದೇ ಹೋಗಿದೆ, ಮತವನ್ನು ನವೆಂಬರ್‌ಗೆ ಉಳಿಸಿಕೊಳ್ಳಿ ಎಂದು ಜನರಿಗೆ ಹೇಳಿದರು.

ಶಿಕ್ಷಕಿ ಆ ವಾರ ಒಂದು ಕಠಿಣ ನಿರ್ಧಾರ ತೆಗೆದುಕೊಂಡರು. ಮನೆ ಮನೆಗೆ ಹಂಚುವ ಚೀಟಿಯಲ್ಲಿ ಶೆರಿಫ್‌ನಿಂದ ಹಿಡಿದು ಶಾಸಕ ಸ್ಥಾನದವರೆಗಿನ ಹೆಸರುಗಳನ್ನು ಅಚ್ಚುಹಾಕಿಸಿ, ಅಧ್ಯಕ್ಷ ಸ್ಥಾನದ ಹೆಸರನ್ನು ಬಿಟ್ಟುಬಿಟ್ಟರು. ಮೇಲಿನ ಹೆಸರು ಕೆಳಗಿನವರನ್ನು ಮುಳುಗಿಸುತ್ತದೆ ಎಂಬ ಲೆಕ್ಕ ಅದು. ಸ್ಥಳೀಯವಾಗಿ ಆ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಪಕ್ಷದ ಕಾರ್ಯಕರ್ತರೇ ಮೇಲಿನ ಹೆಸರನ್ನು ಹೇಳಲು ಹಿಂಜರಿದರು ಎಂಬ ಸಂಗತಿ ಚೀಟಿ ಪಡೆದ ಎಲ್ಲರಿಗೂ ಅರ್ಥವಾಯಿತು.

ಮೇ 10 ಮತ್ತು ನವೆಂಬರ್ 8

ಮೇ 10ರ ಹಿಂದಿನ ಸಂಜೆ ನಾನು ಆ ಮನೆಯಲ್ಲಿದ್ದೆ. ಸ್ಥಳೀಯ ಪತ್ರಿಕೆಯಲ್ಲಿ ಬಂದ ಮಾದರಿ ಮತಪತ್ರವನ್ನು ಮೇಜಿನ ಮೇಲೆ ಹರಡಿ, ಅದರ ಮೂಲೆಗೆ ಹಿರಿಯರು ತಮ್ಮ ಔಷಧದ ಶೀಸೆಯನ್ನು ಇಟ್ಟಿದ್ದರು. ಕೆಳಗಿನ ಹುದ್ದೆಗಳ ಬಗ್ಗೆ ಒಂದು ಗಂಟೆ ಚರ್ಚೆ ನಡೆಯಿತು. ಮೇಲಿನ ಹುದ್ದೆಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೂವರೂ ಸ್ಯಾಂಡರ್ಸ್ ಎಂದರು.

ಮೂವರೂ ಒಂದೇ ಹೆಸರು ಹೇಳಿದ್ದರಿಂದ ಮೂವರದೂ ಒಂದೇ ಮನಸ್ಸೆಂದು ನಾನು ತಿಳಿದೆ, ತಪ್ಪಿದ್ದು ಅಲ್ಲೇ. ನವೆಂಬರ್ ಕಳೆದ ಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದಾಗ ಬೇರೆಯೇ ಚಿತ್ರ ಸಿಕ್ಕಿತು. ಮಗನಿಗೆ ಸ್ಯಾಂಡರ್ಸ್ ಅವರ ಕಾರ್ಯಕ್ರಮದ ಒಂದು ಅಂಶವೂ ನೆನಪಿರಲಿಲ್ಲ. ಟ್ರಂಪ್ ಹೆಸರು ತನಗೆ ಸಿಗುವ ಮತಪತ್ರದಲ್ಲಿ ಇರಲಿಲ್ಲ, ಕ್ಲಿಂಟನ್ ಅವರನ್ನು ಸೋಲಿಸುವ ದಾರಿ ಅದೊಂದೇ ಆಗಿತ್ತು. ಅಂದರೆ 2012ರ ಜಡ್ ಮತವನ್ನೇ ಇನ್ನೊಂದು ಹೆಸರಿಗೆ ಹಾಕಿದ್ದರು. ಸೊಸೆಯದು ನಿಜವಾದ ಆಯ್ಕೆ: ಎಲ್ಲರಿಗೂ ಆರೋಗ್ಯ ವಿಮೆ, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಎಂಬ ಎರಡು ಮಾತುಗಳನ್ನು ಅವರು ಮನಸಾರೆ ನಂಬಿದ್ದರು. ಹಿರಿಯರದು ಇವೆರಡರ ನಡುವೆ. ಅನೇಕ ಕಂಪನಿಗಳು ದಿವಾಳಿ ಅರ್ಜಿ ಹಾಕಿ ನಿವೃತ್ತರ ವಿಮೆ ಮತ್ತು ಪಿಂಚಣಿಯ ಹೊಣೆಯಿಂದ ನುಣುಚಿಕೊಳ್ಳಲು ಹೊರಟಿದ್ದ ಕಾಲ ಅದು. ಅವರ ಪೆಟ್ಟಿಗೆಯಲ್ಲಿದ್ದ ಸಂಘದ ಆರೋಗ್ಯ ಕಾರ್ಡು ಮುಂದಿನ ವರ್ಷ ನಡೆಯುತ್ತದೋ ಇಲ್ಲವೋ ಎಂಬ ಭಯವಿತ್ತು. ಕೂಗಾಡುವ ಆ ಮುದುಕ ಸ್ಯಾಂಡರ್ಸ್ ಕಂಪನಿಗಳ ಮೇಲೂ ಕೂಗಾಡಬಹುದು ಎಂಬುದಷ್ಟೇ ಅವರ ನಿರೀಕ್ಷೆ.

ನವೆಂಬರ್‌ನಲ್ಲಿ ಮಗ ಟ್ರಂಪ್‌ಗೆ ಮತ ಹಾಕಿದರು. ಹಿರಿಯರೂ ಹಾಕಿದರು, ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಒಬ್ಬರಿಗೆ ಅವರು ಹಾಕಿದ ಮೊದಲ ಮತ ಅದು, ಆ ದಿನ ಹೆಚ್ಚು ಮಾತಾಡಲಿಲ್ಲ. ಸೊಸೆ ಅಧ್ಯಕ್ಷ ಸ್ಥಾನದ ಖಾನೆಯನ್ನು ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ತುಂಬಿದರು. ಅದೇ ಮತಪತ್ರದಲ್ಲಿ, ನಮ್ಮ ಮುಖ್ಯಮಂತ್ರಿಯಂತೆ ರಾಜ್ಯವನ್ನು ನಡೆಸುವ ಗವರ್ನರ್ ಸ್ಥಾನಕ್ಕೆ ಮೂವರೂ ಡೆಮಾಕ್ರಟಿಕ್ ಅಭ್ಯರ್ಥಿ ಜಿಮ್ ಜಸ್ಟಿಸ್ ಅವರಿಗೆ, ಸ್ವತಃ ಕಲ್ಲಿದ್ದಲು ಗಣಿಗಳ ಒಡೆಯರಿಗೆ, ಮತ ಹಾಕಿದ್ದರು. ಜಸ್ಟಿಸ್ ಗೆದ್ದರು, ಮರುವರ್ಷ ಆಗಸ್ಟ್‌ನಲ್ಲಿ ಹಂಟಿಂಗ್‌ಟನ್‌ನಲ್ಲಿ ಟ್ರಂಪ್ ಅವರ ಸಭೆಯ ವೇದಿಕೆಯ ಮೇಲೇ ರಿಪಬ್ಲಿಕನ್ ಪಕ್ಷ ಸೇರಿದರು. ಗವರ್ನರೇ ದಾಟಿದ ಮೇಲೆ ನನಗೇನು ಎಂದು ಮಗ ಆ ಚಳಿಗಾಲದಲ್ಲಿ ತಮ್ಮ ನೋಂದಣಿಯನ್ನು ಬದಲಿಸಿಕೊಂಡರು. ರಾಜ್ಯದ ಒಟ್ಟು ಲೆಕ್ಕದಲ್ಲಿ ನೋಂದಾಯಿತ ರಿಪಬ್ಲಿಕನ್ನರು ಡೆಮಾಕ್ರಟರನ್ನು ಮೀರಿದ್ದು 2021ರ ಆರಂಭದಲ್ಲಿ, ಅಂದರೆ ಅಧ್ಯಕ್ಷೀಯ ಮತದಲ್ಲಿ ರಾಜ್ಯ ಹೊರಳಿ ಇಪ್ಪತ್ತು ವರ್ಷ ಕಳೆದ ಮೇಲೆ.

ಪ್ರಕರಣದಿಂದ ತಿಳಿಯುವುದು

ಪ್ರೈಮರಿಯ ಫಲಿತಾಂಶ ನೋಡಿ ‘ಈ ಜನ ಇತ್ತ ವಾಲಿದರು’ ಎಂದು ಬರೆಯುವವರು ಮೊದಲು ಕೇಳಬೇಕಾದದ್ದು, ಆ ಮತಪತ್ರ ಯಾರ ಕೈಗೆ ಸಿಕ್ಕಿತು, ಅದರಲ್ಲಿ ಯಾರ ಹೆಸರು ಇರಲಿಲ್ಲ ಎಂಬುದನ್ನು. ಎಂದೋ ಮನಸ್ಸಿನಲ್ಲಿ ಪಕ್ಷ ಬಿಟ್ಟವರು ಕಾಗದದಲ್ಲಿ ಉಳಿದಿರುವಷ್ಟು ಕಾಲ ಅಲ್ಲಿ ಬೀಳುವ ಮತಗಳಲ್ಲಿ ಬೇಡಿಕೆ ಯಾವುದು, ಬರೀ ನಿರಾಕರಣೆ ಯಾವುದು ಎಂದು ಅಂಕಿಗಳು ಬೇರೆ ಮಾಡಿ ತೋರಿಸುವುದಿಲ್ಲ. ನಾನು ನೋಡಿದ ಮನೆಯಲ್ಲಿ ಮೂರಕ್ಕೆ ಒಂದು ಮತ ಮಾತ್ರ ಬೇಡಿಕೆಯದು. ಬೇರೆ ಮನೆಗಳಲ್ಲಿ ಲೆಕ್ಕ ಬೇರೆ ಇದ್ದಿರಬಹುದು. ಒಂದು ಮನೆಯನ್ನು ಇಟ್ಟುಕೊಂಡು ರಾಜ್ಯಕ್ಕೆ ಸೂತ್ರ ಬರೆಯುವ ಧೈರ್ಯ 2016ರ ಆ ಪತ್ರದ ಬಳಿಕ ನನಗಿಲ್ಲ.

ನಿಷ್ಠೆ ಎಂದು ನಾವು ಕರೆಯುವುದು ಮತದಾರನ ಎದೆಯೊಳಗೆ ಇರುವ ವಸ್ತು ಎಂದೇ ನಾನೂ ಭಾವಿಸಿದ್ದೆ. ಇಲ್ಲಿ ಅದು ಸಭಾಂಗಣದಲ್ಲಿತ್ತು, ಸಂಘದ ಪತ್ರದಲ್ಲಿತ್ತು, ಎದುರು ಕೂತು ಬೈಯುವ ಜೊತೆಗಾರನಲ್ಲಿತ್ತು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ಗೆ ಹೋಗಿ ಬಂದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ: ಗಣಿ ನಿಂತಾಗ ಸಂಬಳದ ಜೊತೆಗೆ ಜನ ಒಂದೆಡೆ ಸೇರಿ ಮಾತಾಡುವ ಜಾಗವೂ ನಿಲ್ಲುತ್ತದೆ. ಕ್ಲಿಂಟನ್ ಅವರ ಯೋಜನೆ ಸೋತದ್ದು ಅದರ ಅಂಶಗಳಿಂದಲ್ಲ. ಅದನ್ನು ತಂದು ಓದಿಹೇಳಲು ಉಳಿದಿದ್ದವರು ಒಬ್ಬ ನಿವೃತ್ತ ಶಿಕ್ಷಕಿ ಮಾತ್ರ. ಅವರಿಗೂ ‘ಯಾವ ಕೆಲಸಕ್ಕೆ, ಎಲ್ಲಿ’ ಎಂಬುದಕ್ಕೆ ಉತ್ತರವನ್ನು ಯಾರೂ ಬರೆದುಕೊಟ್ಟಿರಲಿಲ್ಲ.

2018ರ ಫೆಬ್ರುವರಿ 22ರಂದು ರಾಜ್ಯದ ಎಲ್ಲ 55 ಕೌಂಟಿಗಳ ಶಿಕ್ಷಕರು ಮುಷ್ಕರ ಹೂಡಿದರು. ಶಾಲೆಯ ಬಸ್ ಚಾಲಕರು, ಅಡುಗೆಯವರು ಜೊತೆಗೂಡಿದರು. ಒಂಬತ್ತು ಶಾಲಾ ದಿನಗಳ ಬಳಿಕ ಶೇ. 5 ಸಂಬಳ ಏರಿಕೆ ಪಡೆದು ಕೆಲಸಕ್ಕೆ ಮರಳಿದರು. ನಾನು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದೆ. ಫೋನಿನಲ್ಲಿ ಸೊಸೆ ಹೇಳಿದ್ದು: ಶಾಲೆಯ ಊಟವನ್ನೇ ನಂಬಿದ ಮಕ್ಕಳಿಗಾಗಿ ಮುಷ್ಕರದ ಹಿಂದಿನ ರಾತ್ರಿ ಅದೇ ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್ಡು, ಹಣ್ಣು ಕಟ್ಟಿ ಪೊಟ್ಟಣ ಮಾಡಿದರಂತೆ, ಮಾವ ಕೂತಲ್ಲೇ ಪೊಟ್ಟಣಗಳ ಬಾಯಿ ಮಡಚಿದರಂತೆ, ಗಂಡ ತಮ್ಮ ಟ್ರಕ್‌ನಲ್ಲಿ ಒಯ್ದು ಮನೆ ಮನೆಗೆ ಕೊಟ್ಟು ಬಂದರಂತೆ. ಆ ಮೇ ತಿಂಗಳ ಪ್ರೈಮರಿಯಲ್ಲಿ ಅದೇ ಮನೆಯಿಂದ ಮೊದಲ ಬಾರಿಗೆ ಎರಡು ಬೇರೆ ಬೇರೆ ಪಕ್ಷಗಳ ಮತಪತ್ರ ಕೇಳಲು ಜನ ಹೋದರು, ಒಂದೇ ಟ್ರಕ್‌ನಲ್ಲಿ.